ಎಂಟು ಸಾವಿರದ ಬಾಗಿಲು

ಬೆಳಗಿನ ಐದೂವರೆ. ಮನೆಯ ಹಿಂದಿನ ಶೆಡ್ಡಿನಲ್ಲಿ ಆಕೆ ತಾಮ್ರದ ತಗಡೊಂದನ್ನು ಗಂಧಕದ ದ್ರಾವಣಕ್ಕೆ ಇಳಿಸುತ್ತಾರೆ. ಕೆಂಪು ಮೊದಲು ಕಂದು ಬಣ್ಣವಾಗುತ್ತದೆ, ಆಮೇಲೆ ನೇರಳೆ, ಮತ್ತೆ ನವಿಲಿನ ಕತ್ತಿನಂಥ ನೀಲಿ. ರೆಪ್ಪೆ ಬಡಿಯುವಷ್ಟು ತಡವಾದರೂ ಕಪ್ಪು. ನೀಲಿ ಮೂಡಿದ್ದೇ ತಗಡನ್ನೆತ್ತಿ ತಣ್ಣೀರಿಗೆ ಹಾಕಿ, ಆಮೇಲಷ್ಟೇ ಮಾತಾಡಿಸಲು ಬಂದ ನನ್ನತ್ತ ತಿರುಗುತ್ತಾರೆ.

“ಬೀದಿ ಏಳೋದ್ರೊಳಗೆ ಮುಗಿಸ್ಬೇಕು. ಇಲ್ದಿದ್ರೆ ಯಾರ ಮನೇಲಿ ಮೊಟ್ಟೆ ಕೊಳೆತಿದೆ ಅಂತ ಹುಡುಕ್ಕೊಂಡು ಬರ್ತಾರೆ.”

ಐವತ್ತೆರಡರ ಈಕೆ ಬೀದಿಯವರಿಗೆ ‘ತಾಮ್ರದಕ್ಕ’. ಹತ್ತೊಂಬತ್ತು ವರ್ಷ ಶಾಲೆಯೊಂದರ ಪ್ರಯೋಗಾಲಯದಲ್ಲಿ ಸೀಸೆ ತೊಳೆದವರು. ಶಾಲೆ ಮುಚ್ಚಿದಾಗ ಕೈಯಲ್ಲಿ ಉಳಿದದ್ದು ಆಮ್ಲಗಳ ಪರಿಚಯವೊಂದೇ. ಎರಡು ಬೀದಿ ಆಚೆ ಒಬ್ಬ ಮೇಸ್ತ್ರಿ ಇದ್ದರು. ಬಾಗಿಲು, ನಾಮಫಲಕ, ದೀಪದ ಕಂಬಗಳ ಲೋಹಕ್ಕೆ ಚಿತ್ತಾರ ಬಿಡಿಸಿ ಬಣ್ಣ ಬರಿಸುವವರು. ಅವರ ಬಳಿ ಎಂಟು ತಿಂಗಳು ಕಲಿತು ಆಕೆ ಸ್ವಂತ ಶೆಡ್ಡು ಹಾಕಿದರು.

“ಎಲ್ಲಾ ಕಲಿಸಿದ್ರು. ಬೆಲೆ ಹೇಳೋದು ಹೇಗೆ ಅಂತ ಮಾತ್ರ ನಾನು ಕೇಳ್ಲಿಲ್ಲ. ನಾಚಿಕೆ.”

ಮೊದಲ ಗಿರಾಕಿ ಬಟ್ಟೆ ಅಂಗಡಿಯ ಮಾಲೀಕ. ಮುಂಬಾಗಿಲಿಗೆ ತಾಮ್ರದ ಹೊದಿಕೆ, ಅದರ ಮೇಲೆ ಬಳ್ಳಿಯ ಚಿತ್ತಾರ ಬೇಕಿತ್ತು. ಎಷ್ಟಾಗುತ್ತದೆ ಎಂದು ಕೇಳಿದಾಗ ಆಕೆ ತಗಡು, ದ್ರಾವಣ, ಉಜ್ಜುವ ಬಟ್ಟೆ ಎಲ್ಲವನ್ನೂ ಮನಸ್ಸಿನಲ್ಲೇ ಕೂಡಿ, ಮೇಲೊಂದಿಷ್ಟು ಸೇರಿಸಿ, “ಎಂಟು ಸಾವಿರ” ಎಂದುಬಿಟ್ಟರು. ಮೂರು ಸಲ ಬರೆದು ಅಳಿಸಬೇಕಾಗಿ ಬಂದ ಚಿತ್ತಾರವಾಗಲಿ, ಹನ್ನೊಂದು ದಿನದ ದುಡಿಮೆಯಾಗಲಿ ಆ ಲೆಕ್ಕದಲ್ಲಿರಲಿಲ್ಲ. ಅದೇ ಬಾಗಿಲಿಗೆ ಮೇಸ್ತ್ರಿ ಇಪ್ಪತ್ತೆರಡು ಸಾವಿರ ಹೇಳಿದ್ದರೆಂಬುದೂ ಆಕೆಗೆ ಗೊತ್ತಿರಲಿಲ್ಲ.

“ಆ ಮನುಷ್ಯ ಚೌಕಾಸಿನೇ ಮಾಡ್ಲಿಲ್ಲ. ಆಗ್ಲೇ ಅನುಮಾನ ಬರ್ಬೇಕಿತ್ತು.”

ಗಡಿಯಾರ ರಿಪೇರಿ ಮಾಡುವ ಪತಿ ಒಳಗಿನಿಂದಲೇ ದನಿಗೂಡಿಸುತ್ತಾರೆ: “ತರಕಾರಿ ಅಂಗಡೀಲಿ ಇವಳ ಬಾಯಿಗೆ ಯಾರೂ ಎದುರಿಲ್ಲ. ತನ್ನ ಕೆಲಸದ ಮಾತು ಬಂದ್ರೆ ಬಾಯಿಗೆ ಬೀಗ.”

ಸುದ್ದಿ ಬಾಯಿಂದ ಬಾಯಿಗೆ ಹಬ್ಬಿತು. ಒಂದೇ ವರ್ಷಕ್ಕೆ ಮೂವತ್ತು ಕೆಲಸ. ಬೆರಳ ತುದಿ ಸುಲಿದರೂ, ಕೈಯಲ್ಲಿ ಉಳಿದದ್ದು ಅಷ್ಟಕ್ಕಷ್ಟೇ ಆದರೂ, ಜನ ಹುಡುಕಿಕೊಂಡು ಬರುತ್ತಾರಲ್ಲ ಎಂಬ ಹಿಗ್ಗು. ಆಮೇಲೊಂದು ದಿನ ಸಭಾಭವನದ ಮೆಟ್ಟಿಲಿನ ಕಟಕಟೆಯ ಕೆಲಸ ಬಂತು. ಇಷ್ಟು ದೊಡ್ಡದಕ್ಕೆ ಏನು ಹೇಳಲಿ ಎಂದು ಕೇಳಲು ಮೇಸ್ತ್ರಿಯ ಮಳಿಗೆಗೆ ಹೋದರೆ, ಷಟರ್ ಇಳಿದಿತ್ತು. ಮೇಸ್ತ್ರಿ ಸಿಕ್ಕಿದ್ದು ಕಬ್ಬಿಣದ ಸಾಮಾನಿನ ಅಂಗಡಿಯಲ್ಲಿ, ಮೊಳೆ ತೂಗುತ್ತಾ.

“ಬಂದವರೆಲ್ಲ, ಅಲ್ಲಿ ಎಂಟಕ್ಕೆ ಆಗುತ್ತಲ್ಲ ಅಂತಿದ್ರು,” ಎಂದರಂತೆ ಮೇಸ್ತ್ರಿ. “ಇಬ್ಬರು ಕೆಲಸದವರಿಗೆ ಸಂಬಳ ಕೊಟ್ಟು ನಾನು ಎಂಟಕ್ಕೆ ಹೇಗೆ ಮಾಡ್ಲಿ? ನೀನು ಹೇಳಿದ್ದು ನಿನ್ನೊಬ್ಬಳ ಬೆಲೆಯಲ್ಲ ತಂಗಿ, ನಮ್ಮೆಲ್ಲರದೂ.”

ಈ ಮಾತು ಹೇಳುವಾಗ ಆಕೆ ಒರೆಸಿದ ತಗಡನ್ನೇ ಮತ್ತೆ ಒರೆಸುತ್ತಾರೆ. “ಕಡಿಮೆ ಕೇಳೋದು ವಿನಯ ಅಂದ್ಕೊಂಡಿದ್ದೆ. ಕಲಿಸಿದವರ ಹೊಟ್ಟೆ ಮೇಲೇ ಹೊಡೆದಿದ್ದೆ.”

ಮರುದಿನದಿಂದ ಚಿತ್ತಾರಕ್ಕೆ ಬೇರೆ ಬೆಲೆ, ಲೋಹಕ್ಕೆ ಬೇರೆ, ದಿನಗೂಲಿಗೆ ಬೇರೆ. “ತಲೆ ತಿರುಗಿದೆಯಾ ಅಕ್ಕಾ?” ಎಂದು ಕೇಳಿ ಅರ್ಧಕ್ಕರ್ಧ ಗಿರಾಕಿಗಳು ಹೊರಟುಹೋದರು. ಈಗ ತಿಂಗಳಿಗೆ ಎರಡು ಕೆಲಸ ಸಿಕ್ಕರೆ ಹೆಚ್ಚು. ಆಕೆ ಜಗ್ಗಿಲ್ಲ. ಶೆಡ್ಡು ನಿಮ್ಮದೇ, ಬನ್ನಿ ಅಣ್ಣ ಎಂದು ಮೇಸ್ತ್ರಿಯನ್ನು ಮೂರು ಸಲ ಕರೆದು ಬಂದಿದ್ದಾರೆ. “ಸಾಮಾನೆಲ್ಲ ಮಾರಿಬಿಟ್ಟೆ ತಂಗಿ, ಅದರ ಜೊತೆ ಆಸೆನೂ ಹೋಯ್ತು,” ಎನ್ನುತ್ತಾರೆ ಮೇಸ್ತ್ರಿ.

ಆದರೂ ಪ್ರತಿ ಕೆಲಸ ಮುಗಿದಾಗ ಆಕೆ ಅದರದೊಂದು ತುಣುಕನ್ನು ಒಯ್ದು ಮೊಳೆಯ ತಕ್ಕಡಿಯ ಪಕ್ಕ ಇಡುತ್ತಾರೆ. ಮೇಸ್ತ್ರಿ ಕನ್ನಡಕ ಏರಿಸಿ ನೋಡಿ, “ಚೆನ್ನಾಗಿದೆ” ಎಂದು ವಾಪಸು ಕೊಡುತ್ತಾರೆ.

“ಕಲಿಯುವಾಗ ಒಂದು ದಿನಾನೂ ಬಯ್ಯದೆ ಬಿಟ್ಟವರಲ್ಲ,” ಎನ್ನುತ್ತಾರೆ ತಾಮ್ರದಕ್ಕ. “ಒಂದ್ಸಲ ತಪ್ಪು ಹುಡುಕಿ ಬೈದ್ರೆ ಸಾಕು. ಚೆನ್ನಾಗಿದೆ ಅನ್ನೋದು ಹೊರಗಿನವರಿಗೆ ಅಲ್ವಾ?”