ಊರು ತೋರಿಸುವುದು ಬಂದವರಿಗೆ

ವಿಜಯವಾಡ ನೋಡಲು ಬಂದವರನ್ನು ನನ್ನ ಅಕ್ಕ ಒಂದೇ ದಿನದಲ್ಲಿ ಸುತ್ತಿಸಿ, ದೀಪ ಹಚ್ಚುವ ಹೊತ್ತಿಗೆ ಮನೆಗೆ ಕರೆತಂದು ಊಟಕ್ಕೆ ಕೂಡಿಸುತ್ತಿದ್ದಳು. ಅವಳ ಸುತ್ತಾಟಕ್ಕೆ ಒಂದು ಕ್ರಮವಿತ್ತು. ಬಿಸಿಲೇರುವ ಮೊದಲು ದುರ್ಗಮ್ಮನ ಬೆಟ್ಟ. ಇಳಿದು ಬಂದು ಕೃಷ್ಣೆಯ ಬ್ಯಾರೇಜಿನ ಮೇಲೆ ಒಂದಷ್ಟು ನಡಿಗೆ. ಅಲ್ಲಿಂದ ಬಸ್ಸು ಹಿಡಿದು ಸೀದಾ ಮಂಗಳಗಿರಿ. ಗುಡ್ಡದ ಮೇಲಿನ ನರಸಿಂಹನಿಗೆ ಪಾನಕ, ಕೆಳಗೆ ನೇಕಾರರ ಅಂಗಡಿಯಲ್ಲಿ ಸೀರೆ. ಬಿಸಿಲು ವಾಲಿದ ಮೇಲೆ, ಹಿಂದಿರುಗುವ ದಾರಿಯಲ್ಲಿ ಉಂಡವಲ್ಲಿ ಗುಹೆ. ಮಕ್ಕಳು ಜೊತೆಗಿದ್ದರೆ ಮರುದಿನ ದೋಣಿಯಲ್ಲಿ ನದಿಯ ನಡುವಿನ ದ್ವೀಪ. ಹೊರಟು ನಿಂತವರ ಕೈಗೆ ಕೊಂಡಪಲ್ಲಿಯ ಒಂದು ಮರದ ಗೊಂಬೆ.

ಇದೆಲ್ಲ ನನಗೆ ಬಾಯಿಪಾಠವಾಗಿತ್ತು. ಆದರೆ ಐದು ವರ್ಷ ಆ ಊರಿಗೆ ಹೋಗಿ ಬಂದು ಮಾಡಿದರೂ ಇವುಗಳಲ್ಲಿ ಒಂದನ್ನೂ ನಾನು ನೋಡಿರಲಿಲ್ಲ.

ನಮ್ಮದು ರಾಯಚೂರು ಕಡೆ. ಅಕ್ಕನನ್ನು ವಿಜಯವಾಡದ ತೆಲುಗು ಮನೆತನಕ್ಕೆ ಕೊಟ್ಟಿದ್ದರು. ಭಾವನಿಗೆ ಕಾಗದದ ಅಂಗಡಿ. ಎಂಬತ್ತರ ದಶಕದ ನಡುವೆ ನನಗೆ ಬ್ಯಾಂಕಿನಲ್ಲಿ ವಿಶಾಖಪಟ್ಟಣಕ್ಕೆ ವರ್ಗವಾಯಿತು. ಅಲ್ಲಿ ಸಮುದ್ರವಿತ್ತು, ಋಷಿಕೊಂಡದ ಮರಳಿತ್ತು, ಮಾತಾಡಲು ಯಾರೂ ಇರಲಿಲ್ಲ. ಹಾಗಾಗಿ ತಿಂಗಳಿಗೊಂದು ಶನಿವಾರ ಮಧ್ಯಾಹ್ನ ಬ್ಯಾಂಕು ಮುಚ್ಚಿದ ಕೂಡಲೇ ರೈಲು ಹತ್ತುತ್ತಿದ್ದೆ. ಭಾನುವಾರವೆಲ್ಲ ಅಕ್ಕನ ಮನೆ. ಅವಳು ನನ್ನನ್ನು ಸುಮ್ಮನೆ ಕೂಡಲು ಬಿಡುತ್ತಿರಲಿಲ್ಲ. ಸೀಮೆಎಣ್ಣೆಯ ಸಾಲಿನಲ್ಲಿ ನಿಲ್ಲಿಸುತ್ತಿದ್ದಳು, ಅಟ್ಟ ಹತ್ತಿಸಿ ಡಬ್ಬ ಇಳಿಸಿಕೊಳ್ಳುತ್ತಿದ್ದಳು. ಯಾರಾದರೂ ಊರು ನೋಡಲು ಬಂದಿದ್ದರೆ ಅವರಿಗಾಗಿ ಹುಳಿಯನ್ನದ ಪೊಟ್ಟಣ ಕಟ್ಟುವ ಕೆಲಸ ನನ್ನದು. ನಾನು ಎಲೆ ಮಡಚುತ್ತಿದ್ದರೆ ಅವಳು ಪಕ್ಕದಲ್ಲಿ ನಿಂತು ಬಂದವರಿಗೆ ಎಲ್ಲೆಲ್ಲಿ ಏನೇನು ನೋಡಬೇಕೆಂದು ಹೇಳುತ್ತಿದ್ದಳು.

ಒಮ್ಮೆ ನಾನೇ ಕೇಳಿದೆ. "ಅಕ್ಕಾ, ನನಗೂ ಒಂದ್ಸಲ ತೋರ್ಸು."

"ಊರು ತೋರ್ಸೋದು ಬಂದವ್ರಿಗೆ. ನೀ ಏನು ಬಂದವನೇನು? ಗುಡ್ಡ ಎಲ್ಲೂ ಓಡಿ ಹೋಗಂಗಿಲ್ಲ. ಹೋಗು, ಎಲಿ ಒರಸು."

ಗುಡ್ಡ ಓಡಿ ಹೋಗಲಿಲ್ಲ. ಅಕ್ಕನೇ ಹೋದಳು. ಒಂದು ಜನವರಿಯಲ್ಲಿ ಕಾಮಾಲೆಯಾಗಿ ಹದಿನೈದೇ ದಿನಕ್ಕೆ. ಈಗ ಹತ್ತು ವರ್ಷವಾಗುತ್ತಾ ಬಂತು. ಆ ಹದಿನೈದು ದಿನದ ಬಗ್ಗೆ ಬರೆಯಲು ಎರಡು ಸಲ ಕೂತು ಎದ್ದಿದ್ದೇನೆ. ಅದು ನನ್ನಿಂದ ಆಗದು. ಆಮೇಲಿನ ಒಂದು ಏಪ್ರಿಲ್ ಶನಿವಾರದ ಬಗ್ಗೆ ಬರೆಯಬಲ್ಲೆ.

ಕರ್ಮಗಳೆಲ್ಲ ಮುಗಿದ ಮೇಲೆ ಎರಡು ತಿಂಗಳು ನಾನು ಆ ಕಡೆ ಹೋಗಿರಲಿಲ್ಲ. ಏಪ್ರಿಲ್‌ನಲ್ಲಿ ಶನಿವಾರಕ್ಕೆ ಸೋಮವಾರವನ್ನೂ ಸೇರಿಸಿ ರಜೆ ಹಾಕಿ ಶುಕ್ರವಾರ ರಾತ್ರಿಯ ರೈಲಿಗೆ ಹೋದೆ. ಮನೆ ನೋಡಿಕೊಳ್ಳಲು ಭಾವನ ಅಕ್ಕ ಏಲೂರಿನಿಂದ ಬಂದಿದ್ದರು. ಒಳ್ಳೆಯ ಹೆಂಗಸು. ನನ್ನನ್ನು ಮುಂದಿನ ಕೋಣೆಯಲ್ಲಿ ಕುರ್ಚಿಯ ಮೇಲೆ ಕೂಡಿಸಿ ಸಾಸರಿನಲ್ಲಿಟ್ಟು ಕಾಫಿ ತಂದುಕೊಟ್ಟರು. ಸ್ನಾನಕ್ಕೆ ಹೊರಟರೆ, ಮಡಿಕೆ ಬಿಚ್ಚದ ಹೊಸ ಟವೆಲ್ಲು. ಆ ಮನೆಯಲ್ಲಿ ನಾನು ಹಗ್ಗದ ಮೇಲಿನ ಯಾವುದೋ ಹಳೆಯ ಪಂಚೆಯಲ್ಲಿ ಮೈ ಒರೆಸಿಕೊಂಡವನು.

ಸ್ನಾನ ಮುಗಿಸಿ ಬಂದರೆ ಭಾವ ಇಸ್ತ್ರಿ ಅಂಗಿ ತೊಟ್ಟು ನಿಂತಿದ್ದರು. "ಇವತ್ತು ಅಂಗಡಿ ಹುಡುಗರಿಗೆ ಒಪ್ಪಿಸಿ ಬರ್ತೀನಿ. ನಿಮಗ ಊರು ತೋರಸ್ತೀನಿ."

ಮದುವೆಯಾದ ಮೇಲೆ ಅಕ್ಕನಿಂದ ಕಲಿತ ನಮ್ಮ ಕಡೆಯ ಕನ್ನಡ ಅವರದು, ‘ಅಲ್ಲವೇ’ ಎನ್ನುವಲ್ಲಿ ಮಾತ್ರ ತೆಲುಗಿನ ‘ಕದಾ’. ಅವರು ಪ್ರೀತಿಯಿಂದಲೇ ಹೇಳಿದ್ದು. ಆದರೆ ಊರು ತೋರಿಸುತ್ತಾರೆಂದರೆ ನಾನು ಬಂದವನಾದೆ. ಬಂದವನು ಮೊದಲು ವರ್ಷಕ್ಕೊಮ್ಮೆ ಬರುತ್ತಾನೆ, ಆಮೇಲೆ ಮದುವೆ ಮುಂಜಿಗೆ ಮಾತ್ರ. ಆ ಮನೆಯಲ್ಲಿ ಅಕ್ಕನ ಮಗಳಿದ್ದಳು, ಹತ್ತನೆಯ ತರಗತಿ ಪರೀಕ್ಷೆ ಆಗತಾನೇ ಮುಗಿಸಿದ ಹುಡುಗಿ. ತಾಯಿ ಹೋದ ಮೇಲೆ ಅವಳ ಜೊತೆ ಕನ್ನಡ ಮಾತಾಡುವವರು ನಾನು ಬಿಟ್ಟರೆ ಅವಳ ಅಪ್ಪ, ಅವರೂ ಅಪರೂಪಕ್ಕೆ. ನಾನು ಬರುವುದು ತಪ್ಪಿದರೆ ಅವಳೂ ನನಗೆ ತಪ್ಪಿಹೋಗುತ್ತಾಳೆ ಎಂದು ಹೆದರಿಕೆಯಾಯಿತು.

ಹುಡುಗಿ ಒಳಗಿನಿಂದ ತಾಯಿಯ ಹಿತ್ತಾಳೆ ಬಿಂದಿಗೆ ಹಿಡಿದು ಬಂದಳು. ಅದರಲ್ಲಿ ಅವಳೇ ಕಲಸಿದ ಪಾನಕ. ಮಂಗಳಗಿರಿಯ ನರಸಿಂಹನ ವಿಷಯ ಆ ಕಡೆಯವರಿಗೆಲ್ಲ ಗೊತ್ತು. ಅವನು ಪಾನಕ ಬಿಟ್ಟು ಬೇರೇನೂ ಕೇಳುವುದಿಲ್ಲ. ಬಂಡೆಯಲ್ಲಿ ತೆರೆದ ಬಾಯಿಗೆ ಪೂಜಾರಿ ಶಂಖದಿಂದ ಹೊಯ್ಯುತ್ತಾನೆ, ಒಳಗೆ ಗುಟುಕರಿಸುವ ಸದ್ದಾಗುತ್ತದೆ. ಎಷ್ಟು ಹೊತ್ತುಕೊಂಡು ಹೋದರೂ ಅರ್ಧವೇ ಇಳಿಯುತ್ತದೆ ಎನ್ನುತ್ತಾರೆ, ಉಳಿದರ್ಧ ತಂದವರಿಗೆ.

"ನಾನ್ನಾ, ಉಂಡವಲ್ಲಿಗಿಂತ ಮೊದ್ಲು ಮಂಗಳಗಿರಿ," ಎಂದಳು ಹುಡುಗಿ ಅಪ್ಪನಿಗೆ. "ಅಮ್ಮ ಹಂಗೇ ಮಾಡ್ತಿದ್ಲು."

"ಉಂಡವಲ್ಲಿ ದಾರ್ಯಾಗೇ ಅದ ಕದಾ? ಅದನ್ನ ದಾಟಿ ಹೋಗಿ ಮತ್ತ ಹೊಳ್ಳಿ ಬರೋದ್ಯಾಕ? ನೋಡ್ಕೋತ ಹೋಗೋಣ."

ಅವಳು ನನ್ನ ಮುಖ ನೋಡಿದಳು. ಕಾರಣ ನನಗೆ ಗೊತ್ತಿತ್ತು. ಗುಡ್ಡದ ಮೇಲಿನ ಗುಡಿ ಮಧ್ಯಾಹ್ನ ಮೂರರ ಹೊತ್ತಿಗೆ ಮುಚ್ಚುತ್ತದೆ. ಆಮೇಲೆ ದೇವತೆಗಳು ಬಂದು ಪೂಜೆ ಮಾಡುವ ಹೊತ್ತಂತೆ. ಅಕ್ಕ ಬಂದವರಿಗೆಲ್ಲ ಹೇಳುತ್ತಿದ್ದ ಮೊದಲ ಮಾತೇ ಅದು. ಆದರೆ ನಾನು ಬಾಯಿ ಬಿಡಲಿಲ್ಲ. ಕರೆದುಕೊಂಡು ಹೋಗುವವರು ಅವರು; ಹೋಗುವವನು ನಾನು. ಅತಿಥಿಯಂತೆ ಕೂಡಿಸಿದ ಮೇಲೆ ಅತಿಥಿಯಂತೆ ಇರುತ್ತೇನೆ ಎಂಬ ಸಣ್ಣ ಸಿಟ್ಟೂ ಇತ್ತು.

ಭಾವ ಅಂಗಡಿ ಒಪ್ಪಿಸಿ ಬರುವಷ್ಟರಲ್ಲಿ ಒಂಬತ್ತು. ದುರ್ಗಮ್ಮನ ಬೆಟ್ಟದ ಮೆಟ್ಟಿಲು ಆಗಲೇ ಕಾಯ್ದಿದ್ದವು. ಭಾವ ಚಪ್ಪಲಿ ಬಿಡುವ ಜಾಗ ಹುಡುಕುತ್ತ ಆಚೀಚೆ ಓಡಾಡಿದರು. ಮೇಲೆ ಹೋಗಿ ಬೇರೆ ಸಾಲಿನಲ್ಲಿ ನಿಂತು, ಅದು ನಮ್ಮ ಸಾಲಲ್ಲವೆಂದು ಗೊತ್ತಾಗಿ, ಮತ್ತೆ ಹಿಂದಿನಿಂದ ನಿಂತೆವು. ಬ್ಯಾರೇಜಿಗೆ ಬಂದಾಗ ಸೂರ್ಯ ನೆತ್ತಿಯ ಹತ್ತಿರವಿದ್ದ. ಒಂದು ಬದಿಗೆ ತುಂಬಿ ನಿಂತ ನೀರು, ಇನ್ನೊಂದು ಬದಿಗೆ ಬೇಸಿಗೆಯ ಮರಳು. ಹುಡುಗಿ ಬಿಂದಿಗೆಯನ್ನು ಒಂದು ಕಂಕುಳಿಂದ ಇನ್ನೊಂದಕ್ಕೆ ಬದಲಾಯಿಸುತ್ತಿದ್ದಳು. ನಾನು ಹಿಡಿಯುತ್ತೇನೆಂದರೆ ಕೊಡಲಿಲ್ಲ.

ಉಂಡವಲ್ಲಿಯ ಬಂಡೆಯ ಮೇಲೆ ಬರಿಗಾಲಿಡಲು ಆಗುತ್ತಿರಲಿಲ್ಲ. ಮೂವರೂ ಕುಣಿಯುತ್ತ ನೆರಳಿಗೆ ಓಡಿದೆವು. ಬೆಟ್ಟವನ್ನೇ ಕೊರೆದು ಮಾಡಿದ ನಾಲ್ಕಂತಸ್ತಿನ ಗುಹೆ ಅದು. ಮೇಲೆ ಕತ್ತಲೆಯಲ್ಲಿ ಒಂದೇ ಬಂಡೆಯ ಮಲಗಿದ ವಿಷ್ಣು. ಭಾವ ನೇರವಾಗಿ ಮುಖದ ಕಡೆ ಹೋಗಿ, "ಏನೂ ಕಾಣ್ಸಂಗಿಲ್ಲ," ಎಂದರು.

"ಮೊದ್ಲು ಕಾಲಿನ ಕಡೆ ನಿಂತ್ಕೊಳ್ರಿ," ಎಂದೆ. "ಕಣ್ಣು ಹೊಂದಿದ ಮ್ಯಾಲ ಮೆಲ್ಲಕ ಮುಖದ ಕಡೆ ನಡೀರಿ. ಆಗ ಪೂರಾ ಕಾಣಿಸ್ತಾನ."

ಹಾಗೆಯೇ ಆಯಿತು. ಪಾದ, ಮೊಣಕಾಲು, ಎದೆ, ಮುಖ, ಒಂದೊಂದಾಗಿ ಕತ್ತಲೆಯಿಂದ ಹೊರಬಂದವು. ಭಾವ ನನ್ನ ಕಡೆ ತಿರುಗಿದರು.

"ನೀವು ಯಾವಾಗ ಬಂದಿದ್ರಿ ಇಲ್ಲಿಗೆ?"

"ಬಂದಿಲ್ಲ, ಬಾವಗಾರು. ಅಕ್ಕ ಬಂದವ್ರಿಗೆ ಹೇಳೋವಾಗ ಪೊಟ್ಟಣ ಕಟ್ಕೋತ ಕೇಳಿಸ್ಕೊಂಡಿದ್ದೆ."

ಅವರು ನಕ್ಕರು. ಆಮೇಲೆ ಕಂಬಕ್ಕೆ ಒರಗಿ ಕೂತರು. "ನಾ ಇದೇ ಊರಾಗ ಹುಟ್ಟಿದಾವ. ಇದನ್ನೆಲ್ಲ ಇವತ್ತೇ ನೋಡ್ಲಿಕ್ಕತ್ತೀನಿ. ಯಾರು ಬಂದ್ರೂ ಆಕಿ ಜೋಡಿ ಕಳಿಸಿ ಅಂಗಡ್ಯಾಗ ಕೂಡ್ತಿದ್ದೆ." ಕತ್ತಿನ ಬೆವರು ಒರೆಸಿಕೊಳ್ಳುತ್ತ, "ಆಕಿ ಇಲ್ಲದ ಮನ್ಯಾಗ ನಿಮ್ಮನ್ನ ಎದುರು ಕೂಡಿಸ್ಕೊಂಡು ಏನು ಮಾತಾಡ್ಲಿ ಅಂತ ಹೆದರಿಕಿ ಆಯ್ತು. ಅದಕ್ಕ ಊರು ತೋರಸ್ತೀನಿ ಅಂದೆ," ಎಂದರು.

ದುರ್ಗಮ್ಮನ ಬೆಟ್ಟದಲ್ಲಿ ಕೊಂಡಿದ್ದ ಪ್ರಸಾದದ ಹುಳಿಯನ್ನ ಬಿಚ್ಚಿದೆವು. ಗುಹೆಯ ತಂಪಿಗೆ ಭಾವನಿಗೆ ಜೊಂಪು ಹತ್ತಿತು. ಎಷ್ಟೋ ದಿನದಿಂದ ನಿದ್ದೆಯಿಲ್ಲದ ಮುಖ. ಎಬ್ಬಿಸಲು ಮನಸ್ಸಾಗಲಿಲ್ಲ. ಹುಡುಗಿ ಮಾತ್ರ ಕೆಳಗಿನ ಬಾಳೆತೋಟದ ಕಡೆ ನೋಡುತ್ತ, ಬೆರಳು ಮುರಿಯುತ್ತ ಕೂತಿದ್ದಳು.

ಬಸ್ಸು ಸಿಕ್ಕಿ ಮಂಗಳಗಿರಿಯಲ್ಲಿ ಇಳಿದಾಗ ಮೂರೂವರೆ. ಅವಳು ನಮಗಿಂತ ಮುಂದೆ ಮೆಟ್ಟಿಲು ಹತ್ತಿದಳು. ಇಳಿಯುತ್ತಿದ್ದ ಒಬ್ಬ ಮುದುಕ ಬಿಂದಿಗೆ ನೋಡಿ ಇಲ್ಲವೆಂಬಂತೆ ಕೈ ಆಡಿಸಿದ. ಅವಳು ನಿಲ್ಲಲಿಲ್ಲ. ನಾವು ಏದುಸಿರು ಬಿಡುತ್ತ ಮೇಲೆ ಬಂದಾಗ ಅವಳು ಮುಚ್ಚಿದ ಬಾಗಿಲ ಎದುರು ನಿಂತಿದ್ದಳು.

"ಅಯ್ಯೋ ರಾಮಾ," ಎಂದರು ಭಾವ. ನಂತರ ಸಮಾಧಾನ ಮಾಡುವವರಂತೆ, "ಪರವಾಲೇದಮ್ಮಾ. ನಾವೇ ಕುಡಿಯೋಣ ತಾ. ಎಲ್ಲಾರಿಗೂ ಬಾಯಾರ್ಯಾದ," ಎಂದರು.

ಹುಡುಗಿ ಬಿಂದಿಗೆಯನ್ನು ಎದೆಗೆ ಅವಚಿಕೊಂಡಳು. "ಮುಟ್ಬ್ಯಾಡ್ರಿ! ಸ್ವಾಮಿ ಕುಡಿಯೋ ಮೊದ್ಲು ನಾವು ಕುಡಿದ್ರ ಅದು ಬರೇ ಬೆಲ್ಲದ ನೀರು." ತಾಯಿಯ ಹೆಣದ ಮುಂದೆಯೂ ಅಳದಿದ್ದವಳು ಅಲ್ಲಿ ಮೆಟ್ಟಿಲ ಮೇಲೆ ಕುಸಿದು ಅತ್ತಳು. ಅಳುತ್ತಲೇ ಇಬ್ಬರಿಗೂ ಬೈದಳು. "ಇಬ್ರೂ ಅಷ್ಟೇ. ನಾನ್ನಾ ನನ್ನ ಮಾತು ಕೇಳಂಗಿಲ್ಲ. ಮಾಮಾ, ನೀನು ಎಲ್ಲಾ ಗೊತ್ತಿದ್ದೂ ಬಾಯಿ ಬಿಡಂಗಿಲ್ಲ. ನಿನಗ ಗೊತ್ತಿತ್ತು ಕದಾ, ಮೂರಕ್ಕ ಮುಚ್ತಾರಂತ?"

"ಗೊತ್ತಿತ್ತು."

"ಮತ್ತ ಯಾಕ ಹೇಳ್ಲಿಲ್ಲ?"

"ಬಂದವ ನಾನು. ನಾ ಹೆಂಗ ಹೇಳ್ಲಿ?"

ಅವಳು ಅಳು ನಿಲ್ಲಿಸಿ ನನ್ನನ್ನು ದಿಟ್ಟಿಸಿದಳು. "ಯಾರು ಬಂದವ? ನೀನಾ? ಅಮ್ಮ ಇದ್ದಿದ್ರ ನಿನ್ನ ಬೆನ್ನಿಗೊಂದು ಬಿಡ್ತಿದ್ಲು."

ಭಾವ ಮುಖ ಆ ಕಡೆ ತಿರುಗಿಸಿದರು. ಅವರ ಭುಜಗಳು ಅಲುಗಾಡುತ್ತಿದ್ದವು. ನಗುತ್ತಿದ್ದರೋ ಅಳುತ್ತಿದ್ದರೋ ನಾನು ನೋಡಲು ಹೋಗಲಿಲ್ಲ.

ಆ ದಿನದ ಪಾನಕವನ್ನು ಏನು ಮಾಡುವುದೆಂದು ಅವಳೇ ತೀರ್ಮಾನಿಸಿದಳು. ಮೆಟ್ಟಿಲಿಳಿಯುತ್ತ ಬಿಸಿಲಿಗೆ ಬಳಲಿ ಕೂತವರಿಗೆಲ್ಲ ಬೊಗಸೆಗೆ ಹೊಯ್ದು ಹಂಚಿದೆವು. ನಾವು ಮೂವರು ಒಂದು ಹನಿಯೂ ಕುಡಿಯಲಿಲ್ಲ. ಕೆಳಗೆ ಬಂದಾಗ ಖಾಲಿ ಬಿಂದಿಗೆಯನ್ನು ನನ್ನ ಕೈಗೆ ತುರುಕಿ ಹೇಳಿದಳು: "ನಾಳಿ ಮೊದಲ್ನೇ ಬಸ್ಸಿಗೆ ಮತ್ತ ಬರೋಣ. ಮನ್ಯಾಗ ಬೆಲ್ಲ ಮುಗಿದದ, ಹೋಗೋ ದಾರ್ಯಾಗ ನೀ ತಗೊ. ಮೆಣಸು ನೀನೇ ಕುಟ್ಟು, ನನ್ನ ಕೈ ಉರೀತಾವ."

ಬೆಲ್ಲ ತೆಗೆದುಕೊಂಡೆ. ಮನೆಗೆ ಬಂದು ಯಾರನ್ನೂ ಕೇಳದೆ ಅಡುಗೆಮನೆಗೆ ಹೋಗಿ ನೆಲದ ಮೇಲೆ ಕೂತು ಮೆಣಸು ಕುಟ್ಟತೊಡಗಿದೆ. ಭಾವನ ಅಕ್ಕ ಗಾಬರಿಯಾಗಿ ಓಡಿಬಂದರು. "ಅಯ್ಯಯ್ಯೋ, ಬಂದವರ ಕೈಯಲ್ಲಿ ಕೆಲಸ ಮಾಡಿಸುತ್ತೀಯೇನೇ?" ಎಂದು ತೆಲುಗಿನಲ್ಲಿ ಹುಡುಗಿಯನ್ನು ಗದರಿದರು.

ಹುಡುಗಿ ತೆಲುಗಿನಲ್ಲೇ ಉತ್ತರ ಕೊಟ್ಟಳು. "ಬಂದವರು ಎಲ್ಲಿದ್ದಾರೆ, ಅತ್ತಾ? ನಮ್ಮ ಮಾಮ ಅಲ್ಲವಾ?"

ಅವರು ಬಾಗಿಲಲ್ಲಿ ನಿಂತು ನನ್ನನ್ನೂ ಒರಳನ್ನೂ ಸ್ವಲ್ಪ ಹೊತ್ತು ನೋಡಿದರು. ಆಮೇಲೆ, "ಹಾಗಾದರೆ ಎದ್ದಾಗ ಆ ಅಟ್ಟದ ಮೇಲಿನ ಹುಣಿಸೆಹಣ್ಣಿನ ಡಬ್ಬ ಇಳಿಸಿಕೊಡಪ್ಪಾ. ವಾರದಿಂದ ನನ್ನ ಕೈಗೆ ಎಟಕುತ್ತಿಲ್ಲ," ಎಂದರು.

ಮರುದಿನ ಗುಡಿ ತೆರೆದ ಸ್ವಲ್ಪ ಹೊತ್ತಿಗೇ ನಾವು ಮೇಲಿದ್ದೆವು. ಪೂಜಾರಿ ಶಂಖದಲ್ಲಿ ತುಂಬಿ ತುಂಬಿ ಹೊಯ್ದರು. ಬಂಡೆಯೊಳಗಿನಿಂದ ಗುಟುಕರಿಸುವ ಸದ್ದು ನಾನೂ ಕೇಳಿದೆ. ಅದು ನಿಂತಿತು. ಉಳಿದದ್ದನ್ನು ಬಿಂದಿಗೆಯಲ್ಲಿ ಹಿಂದೆ ಕೊಟ್ಟರು. ಹುಡುಗಿ ಮೊದಲು ಕುಡಿದು, ಕಣ್ಣು ಬಿಗಿಯಾಗಿ ಮುಚ್ಚಿ, ಕೆಮ್ಮಿದಳು.

"ಮೆಣಸು ಭಾಳಾಯ್ತು, ಮಾಮಾ. ಬರೋ ತಿಂಗಳು ಕಡಿಮಿ ಹಾಕು."

ಆಗಲಿ ಎಂದೆ.