ಏತದ ಮರ ಮತ್ತು ಡ್ರಿಲ್ ಮೇಷ್ಟ್ರ ಪರೀಕ್ಷೆ

ನಾನು ಐದನೇ ಕ್ಲಾಸು ಮುಗಿಸದೆ ಸ್ಕೂಲು ಬಿಟ್ಟವನು. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಮುಂದೆ ಬರುವುದೆಲ್ಲ ಕಾಲೇಜಿನ ವಿಷಯವಾದ್ದರಿಂದ, ಓದಿದವರು ಯಾರಾದರೂ ನಡುವೆ ನಿಲ್ಲಿಸಿ ಇವನಿಗೇನು ಗೊತ್ತು ಎಂದು ಕೇಳಬಾರದು. ಬಿಟ್ಟದ್ದು ದಡ್ಡತನದಿಂದಲ್ಲ. ಅಪ್ಪನ ಸೊಂಟ ಹಿಡಿದುಕೊಂಡಿತು, ಮನೆಯಲ್ಲಿ ಏತ ತುಳಿಯುವವರು ಬೇಕಾಗಿತ್ತು. ಅಣ್ಣ ಬಾನಿ ಹಿಡಿದ, ನಾನು ಮರ ಹತ್ತಿದೆ. ಇಪ್ಪತ್ತೆರಡನೇ ವಯಸ್ಸಿಗೆ ಹೊಸೂರಿನ ಪಕ್ಕದ ನಮ್ಮೂರು ಆಲಸನತ್ತದಲ್ಲಿ ನನ್ನಷ್ಟು ಹೊತ್ತು ಏತ ತುಳಿಯುವವನು ಇನ್ನೊಬ್ಬನಿರಲಿಲ್ಲ. ಹೆಮ್ಮೆಗೆ ಹೇಳುತ್ತಿದ್ದೇನೆ ಎಂದರೆ ಹೌದು, ಹೆಮ್ಮೆಗೇ.

ಏತ ನೋಡಿಲ್ಲದವರಿಗೆ ಎರಡು ಮಾತು. ಬಾವಿಯ ಪಕ್ಕ ಎರಡು ಕಂಬ ನೆಟ್ಟು, ಅವುಗಳ ನಡುವೆ ತಕ್ಕಡಿಯ ದಂಡದ ಹಾಗೆ ಒಂದು ಉದ್ದನೆಯ ಮರ ಕೂರಿಸಿರುತ್ತಾರೆ. ಬಾವಿಯ ಕಡೆ ತುದಿಯಿಂದ ಒಂದು ಬಿದಿರ ಗಳ ಇಳಿಬಿದ್ದಿರುತ್ತದೆ, ಗಳದ ಕೊನೆಗೆ ಕಬ್ಬಿಣದ ಬಾನಿ. ಮರದ ಮೇಲೆ ಮೆಟ್ಟಿಲಿನ ಹಾಗೆ ಕಚ್ಚು ಕೊಚ್ಚಿರುತ್ತಾರೆ. ತುಳಿಯುವವನು ಬಾವಿಯ ಕಡೆಗೆ ನಡೆದರೆ ಆ ತುದಿ ಬಗ್ಗಿ ಬಾನಿ ನೀರಿಗೆ ಇಳಿಯುತ್ತದೆ. ತಿರುಗಿ ಹಿಂದಕ್ಕೆ ನಡೆದರೆ ತುಂಬಿದ ಬಾನಿ ಮೇಲೆ ಬರುತ್ತದೆ, ಹಿಡಿದವನು ಅದನ್ನು ಕಾಲುವೆಗೆ ಬಗ್ಗಿಸುತ್ತಾನೆ. ಅರ್ಧ ಹತ್ತುವುದು, ಅರ್ಧ ಇಳಿಯುವುದು. ನಸುಕಿನಿಂದ ಹೊತ್ತು ನೆತ್ತಿಗೆ ಬರುವವರೆಗೆ ಇಷ್ಟೇ.

ಯುದ್ಧ ನಡೆಯುತ್ತಿದ್ದ ವರ್ಷಗಳಲ್ಲಿ ಒಂದು ಬೇಸಿಗೆಯ ಬೆಳಿಗ್ಗೆ, ಬಿಳಿ ಬನಿಯನ್ನು, ಕಾಕಿ ಚಡ್ಡಿ ಹಾಕಿದ ಒಬ್ಬರು ಬದುವಿನ ಮೇಲೆ ಬಂದು ನಿಂತರು. ನನ್ನ ಕಾಲುಗಳನ್ನೇ ನೋಡುತ್ತಿದ್ದರು.

ಅಣ್ಣ ಬಾನಿ ಬಗ್ಗಿಸುತ್ತಲೇ ಕೇಳಿದ, “ಏನ್ಲಾ, ಅವ್ರು ಹಂಗ್ಯಾಕ್ಲಾ ನೋಡ್ತಾವ್ರೆ? ಸಂತೇಲಿ ಎತ್ತು ನೋಡ್ದಂಗೆ.”

“ಹಲ್ಲು ನೋಡಕ್ ಬಂದ್ರೆ ನಿನ್ ತಾವ ಕಳಿಸ್ತೀನಿ ಬಿಡು,” ಎಂದೆ.

ಅವರು ಹೊಸೂರಿನ ಒಂದು ಸ್ಕೂಲಿನ ಡ್ರಿಲ್ ಮೇಷ್ಟ್ರು. ಧರ್ಮಪುರಿ ಕಡೆಯವರು. ಮನೆಯಲ್ಲಿ ತೆಲುಗು, ಸ್ಕೂಲಿನಲ್ಲಿ ತಮಿಳು, ನಮ್ಮಂಥವರ ಹತ್ತಿರ ಕನ್ನಡ. ಮದರಾಸಿಗೆ ಹೋಗಿ ಕಸರತ್ತಿನ ಕಾಲೇಜಿನಲ್ಲಿ ಒಂದು ವರ್ಷ ಓದಿ ಬಂದಿದ್ದರು. ಕಸರತ್ತಿಗೆ ಕಾಲೇಜು ಇದೆ ಎಂಬುದು ನನಗೆ ಗೊತ್ತಾದದ್ದೇ ಅವತ್ತು. ಆಟ, ಕವಾಯತು, ಬರೆಯುವ ಪರೀಕ್ಷೆ ಎಲ್ಲದರಲ್ಲೂ ಪಾಸಾಗಿ ಒಂದರಲ್ಲಿ ಮಾತ್ರ ಫೇಲಾಗಿದ್ದರು. ಮೈ ಹೇಗೆ ಆಡುತ್ತದೆ, ಯಾವ ಕೆಲಸಕ್ಕೆ ಯಾವ ಸ್ನಾಯು ಎಂದು ಮಾಡಿ ತೋರಿಸುವ ಪರೀಕ್ಷೆ ಅದು. ಅದಕ್ಕೊಂದು ಇಂಗ್ಲಿಷು ಹೆಸರು, ಕೈನೀಸಿಯಾಲಜಿ. ಆ ಬೇಸಿಗೆಯಲ್ಲಿ ಮದರಾಸಿನಿಂದ ಇಬ್ಬರು ಪರೀಕ್ಷಕರು ಕೃಷ್ಣಗಿರಿಗೆ ಬರುವವರಿದ್ದರು. ಪರೀಕ್ಷೆಗೆ ಕೂರುವವರು ತಲಾ ಒಬ್ಬ ಆಳನ್ನು ಕರೆತರಬೇಕು. ಅವನ ಮೈಮೇಲೆ ಸೀಮೆಸುಣ್ಣದಲ್ಲಿ ಸ್ನಾಯುಗಳನ್ನು ಗುರುತಿಸಿ, ಅವನನ್ನು ನಡೆಸಿ, ಕೂರಿಸಿ, ಎಬ್ಬಿಸಿ, ಕೇಳಿದ್ದಕ್ಕೆ ಉತ್ತರ ಹೇಳಬೇಕು.

“ಈ ಸಲ ಪಾಸಾಗದಿದ್ರೆ ಸ್ಕೂಲಲ್ಲಿ ಬೇರೆಯವರನ್ನ ತಗೋತಾರಪ್ಪ,” ಎಂದರು. “ಹೆಂಡತಿ, ಎರಡು ಮಕ್ಕಳು. ಇನ್ನೊಂದು ಊರಲ್ಲಿ ಮೊದಲಿಂದ ಶುರು ಮಾಡೋ ತ್ರಾಣ ನನಗಿಲ್ಲ. ನೀನು ಬಂದು ನಿಲ್ತೀಯಾ? ನಿನ್ನ ಕಾಲಲ್ಲಿ ನನ್ನ ಪುಸ್ತಕ ಪೂರ್ತಿ ಇದೆ.”

ಯಾರೂ ಅದುವರೆಗೆ ನನ್ನಲ್ಲಿ ಪುಸ್ತಕ ಕಂಡಿರಲಿಲ್ಲ.

“ಬತ್ತೀನಿ ಮೇಷ್ಟ್ರೆ,” ಎಂದೆ. “ಆದ್ರೆ ನೀವು ಓದೋದ್ನೆಲ್ಲ ನನಗೂ ಬಿಡಿಸಿ ಹೇಳ್ಬೇಕು. ಸುಮ್ನೆ ಬೆದರುಬೊಂಬೆ ತರ ನಿಂತ್ಕಳಕ್ಕೆ ನನ್ ಕೈಲಾಗಕ್ಕಿಲ್ಲ.”

ಅಂದಿನಿಂದ ದಿನಾ ಸಂಜೆ ಸ್ಕೂಲು ಬಿಟ್ಟ ಮೇಲೆ ಮೇಷ್ಟ್ರು ನಮ್ಮ ಮನೆಯ ಹಿಂದಿನ ಕಣಕ್ಕೆ ಬರುತ್ತಿದ್ದರು. ನಾನು ಕೆಲಸದಿಂದ ಬಂದವನು ಚಲ್ಲಣದಲ್ಲೇ ನಿಲ್ಲುತ್ತಿದ್ದೆ. ಯುದ್ಧಕಾಲದಲ್ಲಿ ಬಣ್ಣದ ಸೀಮೆಸುಣ್ಣ ಸಿಗುವುದು ಕಷ್ಟ, ಇದ್ದ ನಾಲ್ಕು ತುಂಡನ್ನು ಅವರು ಪರೀಕ್ಷೆಗೆಂದು ಎತ್ತಿಟ್ಟಿದ್ದರು. ಕಲಿಯುವುದಕ್ಕೆ ನಮ್ಮ ಒಲೆಯ ಇದ್ದಿಲೇ ಆಗುತ್ತಿತ್ತು. ಒಣಗಿದ ಬೆವರು, ಮಣ್ಣು ಹಿಡಿದ ನನ್ನ ಚರ್ಮಕ್ಕೆ ಇದ್ದಿಲು ಚೆನ್ನಾಗಿ ಹತ್ತುತ್ತಿತ್ತು. ಒಂದೊಂದು ಗೆರೆ ಎಳೆದು ಇಂಗ್ಲಿಷು ಹೆಸರು ಹೇಳುವರು, ಆಮೇಲೆ ಅದರ ಕೆಲಸವನ್ನು ಕನ್ನಡದಲ್ಲಿ. ತೊಡೆಯ ಮುಂಭಾಗದ್ದು ನಾಲ್ಕು ತಲೆಯ ಸ್ನಾಯು, ಮಂಡಿಯನ್ನು ನೆಟ್ಟಗೆ ಮಾಡುವುದು ಅದರ ಕೆಲಸ. ತೊಡೆಯ ಹಿಂಭಾಗದ್ದು ಮಂಡಿಯನ್ನು ಮಡಿಸುವುದಕ್ಕೆ. ಅಮ್ಮ ಒಂದು ದಿನ ಬಾಗಿಲಲ್ಲಿ ನಿಂತು ನೋಡಿ, “ಮೊಕಕ್ಕೂ ಒಂದು ಬೊಟ್ಟು ಇಟ್ಬುಡಿ ಮೇಷ್ಟ್ರೆ, ದೃಷ್ಟಿಯಾದ್ರೂ ತಾಕ್ದೆ ಇರ್ಲಿ,” ಎಂದಳು.

ಜಗಳ ಬಂದದ್ದು ನಾಲ್ಕನೆಯ ದಿನವೋ ಐದನೆಯ ದಿನವೋ. ಹೋದ ಸಲ ಫೇಲಾಗಿಸಿದ ಪ್ರಶ್ನೆ ಯಾವುದು ಎಂದು ಕೇಳಿದೆ. ಮನುಷ್ಯ ಮೆಟ್ಟಿಲು ಇಳಿಯುವಾಗ ತೊಡೆಯ ಯಾವ ಸ್ನಾಯು ಕೆಲಸ ಮಾಡುತ್ತದೆ ಎಂದು ಕೇಳಿದ್ದರಂತೆ. ಇಳಿಯುವಾಗ ಮಂಡಿ ಮಡಚಿಕೊಳ್ಳುತ್ತದೆ, ಮಡಿಸುವುದು ಹಿಂಭಾಗದ ಸ್ನಾಯು, ಆದ್ದರಿಂದ ಹಿಂಭಾಗದ್ದು ಎಂದು ಇವರು ಹೇಳಿದ್ದರು. ಆಮೇಲೆ ಪರೀಕ್ಷಕರು ಏನೂ ಕೇಳಲಿಲ್ಲವಂತೆ.

“ತಪ್ಪು,” ಎಂದೆ.

“ಏನು ತಪ್ಪು?”

“ಇಳಿಯೋದು ಮುಂಭಾಗ್ದ ಕೆಲ್ಸ ಮೇಷ್ಟ್ರೆ. ಏತ ಹೊಸದಾಗಿ ಹತ್ತಿದವನ್ನ ಕೇಳಿ. ಮಾರ್ನೆ ದಿನ ಅವನು ತೊಡೆ ಮುಂದ್ಗಡೆ ಹಿಡ್ಕಂಡು ಅಳ್ತಾನೆ. ಹಿಂದ್ಗಡೆ ಹಿಡ್ಕಂಡು ಅತ್ತವನ್ನ ನಾನು ನೋಡಿಲ್ಲ.”

“ಅದು ಹತ್ತಿದ್ದಕ್ಕೆ ಬರೋ ನೋವು.”

“ಹತ್ತಿದ್ದಕ್ಕಲ್ಲ, ಇಳಿದಿದ್ದಕ್ಕೆ.”

“ಪುಸ್ತಕ ಓದಿದವನು ನಾನಾ, ನೀನಾ?”

ಈ ಮಾತು ನನಗೆ ನಾಟಿತು. ಮೈಮೇಲಿನ ಇದ್ದಿಲನ್ನು ಅಂಗೈಯಿಂದ ಒರೆಸಿಕೊಂಡೆ. “ಓದಿದವ್ರು ನೀವೇ. ತುಳಿದವನು ನಾನು. ನಾಳೆ ಬೆಳಿಗ್ಗೆ ಬಂದು ಮರ ಹತ್ತಿ, ಆಮ್ಯಾಕೆ ಹೇಳಿ,” ಎಂದು ಒಳಗೆ ಹೋದೆ.

ಬರುವುದಿಲ್ಲ ಎಂದುಕೊಂಡಿದ್ದೆ. ಮರುದಿನ ಭಾನುವಾರ, ಬೆಳಕು ಹರಿಯುವ ಹೊತ್ತಿಗೇ ಬಂದರು. ಕಸರತ್ತು ಮಾಡಿದ ಮೈ, ಹೆದರಿಕೆಯಿಲ್ಲದೆ ಮರ ಹತ್ತಿದರು. ಪಕ್ಕದಲ್ಲಿ ಕೈಯಾಸರೆಗೆ ಕಟ್ಟಿದ್ದ ಬಿದಿರನ್ನು ಹಿಡಿದು ನನ್ನ ಹಿಂದೆ ಹೆಜ್ಜೆ ಹಾಕಿದರು. ಅಣ್ಣ ಎಂದಿನಂತೆ ಮೊದಲ ಬಾನಿಗೆ ಒಂದು ಎನ್ನದೆ ಲಾಭ ಎಂದೇ ಎಣಿಕೆ ಶುರು ಮಾಡಿದ. ನೂರು ಬಾನಿಯವರೆಗೆ ಮೇಷ್ಟ್ರು ನಗುತ್ತಿದ್ದರು. ಇನ್ನೂರಕ್ಕೆ ಮಾತು ನಿಂತಿತು. ಮುನ್ನೂರಕ್ಕೆ ನಾನೇ ಇಳಿಸಿದೆ.

“ಏನೂ ಆಗಿಲ್ಲ,” ಎಂದು ಹೊರಟುಹೋದರು.

ಸೋಮವಾರ ಬರಲಿಲ್ಲ. ಮಂಗಳವಾರ ಸಂಜೆ ಬಂದರು, ಬಂದ ಚೆಂದ ಈಗಲೂ ಕಣ್ಣಿಗೆ ಕಟ್ಟಿದೆ. ಕಣಕ್ಕೆ ಇಳಿಯಲು ಮೂರು ಮೆಟ್ಟಿಲಿದ್ದವು. ಮೇಷ್ಟ್ರು ಗೋಡೆ ಹಿಡಿದು, ಅಡ್ಡಡ್ಡವಾಗಿ, ಒಂದೊಂದೇ ಕಾಲು ಇಟ್ಟು ಇಳಿದರು.

ಅಣ್ಣ ಹುಲ್ಲಿನ ಮೆದೆಯ ಹತ್ತಿರ ಕೂತಿದ್ದ. “ಯಾಕ್ ಮೇಷ್ಟ್ರೆ, ಬಸುರಿ ಹೆಂಗಸು ಇಳಿದಂಗೆ ಇಳೀತೀರಿ?”

ಮೇಷ್ಟ್ರು ನೇರ ನನ್ನ ಮುಂದೆ ಬಂದು ತಮ್ಮ ತೊಡೆಯ ಮುಂಭಾಗ ಮುಟ್ಟಿ, “ಇಲ್ಲಿ,” ಎಂದರು. “ಹತ್ತುವಾಗ ಅಷ್ಟಿಲ್ಲ. ಇಳಿಯುವಾಗ ಪ್ರಾಣ ಹೋಗುತ್ತೆ.”

ಇಬ್ಬರೂ ಕೂತು ಯೋಚಿಸಿದೆವು. ಇಳಿಯುವಾಗ ಮಂಡಿಯನ್ನು ಮಡಿಸುವುದು ಯಾವ ಸ್ನಾಯುವೂ ಅಲ್ಲ, ನಮ್ಮ ಮೈಭಾರ. ಮುಂಭಾಗದ ಸ್ನಾಯು ಆ ಭಾರ ದೊಪ್ಪನೆ ಬೀಳದ ಹಾಗೆ ಹಿಡಿದು ಹಿಡಿದು ಬಿಡುತ್ತದೆ. ಹಗ್ಗ ಕಟ್ಟಿ ಭಾರದ ಕೊಡವನ್ನು ಬಾವಿಗೆ ಇಳಿಸಿದಂತೆ ಎಂದೆ ನಾನು, ಇಳಿಸುವಾಗಲೂ ಹಗ್ಗ ಹಿಡಿದವನ ಅಂಗೈಯೇ ಉರಿಯುವುದು. ಮೇಷ್ಟ್ರು ಪುಸ್ತಕ ತೆರೆದು ಬಹಳ ಹೊತ್ತು ಹುಡುಕಿದರು. ಒಂದು ಪುಟದ ತಳದಲ್ಲಿ ಇದೇ ಮಾತು ಒಂದೇ ಸಾಲಿನಲ್ಲಿತ್ತು. ಎಷ್ಟೋ ಸಲ ಓದಿದ ಪುಟ, ಸಾಲು ಮಾತ್ರ ಕಣ್ಣಿಗೆ ಬಿದ್ದಿರಲಿಲ್ಲ.

ಅಂದು ನಾನು ಒಂದು ಮಾತು ಕೇಳಿದೆ. ನನ್ನಂಥವನು ಆ ಕಾಲೇಜಿಗೆ ಸೇರಬಹುದೇ ಎಂದು. ಅವರು ಪುಸ್ತಕ ಮುಚ್ಚಿ, ಹೈಸ್ಕೂಲು ಮುಗಿಸಿರಬೇಕು ಎಂದರು. ಸರಿ ಎಂದೆ. ಮತ್ತೆ ಅದನ್ನು ಎತ್ತಲಿಲ್ಲ.

ಪರೀಕ್ಷೆಯ ದಿನ ಬಂತು. ಪೆಟ್ರೋಲು ಸಿಗದೆ ಬಸ್ಸುಗಳು ಇದ್ದಿಲ ಹೊಗೆಯಿಂದ ಓಡುತ್ತಿದ್ದ ಕಾಲ, ದಿಣ್ಣೆ ಬಂದಲ್ಲೆಲ್ಲ ಇಳಿದು ನೂಕಬೇಕು. ಆದ್ದರಿಂದ ಮೊದಲ ಬಸ್ಸಿಗೇ ಹೊರಟೆವು. ಮೇಷ್ಟ್ರು ಹಿಂದಿನ ದಿನ ನನಗೆ ಎಲ್ಲ ಹೇಳಿದ್ದರು: ಹೇಗೆ ನಿಲ್ಲಬೇಕು, ಕೇಳದೆ ಮಾತಾಡಬಾರದು, ಯಾವಾಗ ಅಂಗಿ ಬಿಚ್ಚಬೇಕು. ಒಂದನ್ನು ಹೇಳಿರಲಿಲ್ಲ, ಹೇಳಬೇಕೆಂದು ಅವರಿಗೆ ಹೊಳೆಯುವಂಥದ್ದೂ ಅಲ್ಲ. ನಮ್ಮಲ್ಲಿ ನಾಲ್ಕು ಜನರ ಮುಂದೆ ಮೈ ತೋರಿಸಿ ನಿಲ್ಲುವವನು, ಗರಡಿಯಾಗಲಿ ಇನ್ನೊಂದಾಗಲಿ, ಒಣ ಮೈಯಲ್ಲಿ ನಿಲ್ಲುವುದಿಲ್ಲ. ಅದು ದರಿದ್ರ. ಅಮ್ಮ ನಸುಕಿಗೆ ಎದ್ದು ಎಳ್ಳೆಣ್ಣೆ, ಹರಳೆಣ್ಣೆ ಬೆರೆಸಿ ಬಿಸಿ ಮಾಡಿದಳು. ಅಣ್ಣ ನೆತ್ತಿಯಿಂದ ಹಿಮ್ಮಡಿಯವರೆಗೆ ತಿಕ್ಕಿ ತಿಕ್ಕಿ ಹಚ್ಚಿದ. “ಮದರಾಸಿನೋರ ಮುಂದೆ ಮಾನ ಹೋಗ್ಬಾರ್ದು ಕಣ್ಲಾ,” ಎಂದ. ಉಳಿದದ್ದನ್ನು ಸೀಸೆಗೆ ತುಂಬಿ ಕೊಟ್ಟ. ಕೃಷ್ಣಗಿರಿಯಲ್ಲಿ ಇಳಿದು, ಮೇಷ್ಟ್ರು ಹೆಸರು ಬರೆಸಲು ಹೋದಾಗ, ಪರೀಕ್ಷೆ ನಡೆಯುತ್ತಿದ್ದ ಕಟ್ಟಡದ ಹಿಂದೆ ಹೋಗಿ ಅದನ್ನೂ ಹಚ್ಚಿಕೊಂಡೆ.

ನಮ್ಮ ಸರದಿ ನಾಲ್ಕನೆಯದು. ದೊಡ್ಡ ಕೋಣೆ, ಮೇಜಿನ ಹಿಂದೆ ಇಬ್ಬರು. ಒಬ್ಬರು ಕನ್ನಡಕದ ವಯಸ್ಸಾದವರು, ಇನ್ನೊಬ್ಬರು ಬಿಳಿ ಪ್ಯಾಂಟಿನ ಕಿರಿಯರು. ಒಬ್ಬೊಬ್ಬರಿಗೆ ಕಾಲು ಗಂಟೆ, ಮೇಜಿನ ಮೇಲೆ ಗಡಿಯಾರ. ಅಂಗಿ, ಪಂಚೆ ಬಿಚ್ಚಿ ಚಲ್ಲಣದಲ್ಲಿ ನಿಂತೆ. ಮೇಷ್ಟ್ರು ಜೋಪಾನ ಮಾಡಿಟ್ಟಿದ್ದ ಕೆಂಪು ಸೀಮೆಸುಣ್ಣ ತೆಗೆದು ನನ್ನ ಭುಜದ ಮೇಲೆ ಎಳೆದರು. ಜಾರಿತು. ಒತ್ತಿ ಎಳೆದರು. ಸೀಮೆಸುಣ್ಣ ಎಣ್ಣೆ ಕುಡಿದು ಮೆತ್ತಗಾಯಿತು, ಗೆರೆ ಬೀಳಲಿಲ್ಲ. ಕರವಸ್ತ್ರದಲ್ಲಿ ಒರೆಸಿ ಮತ್ತೆ ಎಳೆದರು. ಕೆಂಪು ಕೆಸರಿನ ಹಾಗೆ ಹರಡಿತು. ಆಗ ನನ್ನ ಮುಖ ನೋಡಿದರು. ಬೈದಿದ್ದರೆ ಚೆನ್ನಾಗಿತ್ತು.

“ಎನ್ನಪ್ಪಾ ಇದು, ಎಣ್ಣೆಯಾ?” ಎಂದರು ವಯಸ್ಸಾದವರು ತಮಿಳಿನಲ್ಲಿ.

“ತೊಳ್ಕಂಡು ಬತ್ತೀನಿ ಸಾಮಿ,” ಎಂದೆ.

ಅವರು ಗಡಿಯಾರ ತೋರಿಸಿದರು. ಗುರುತು ಹಾಕುವುದಕ್ಕೆ ಇಟ್ಟ ಅಂಕ ಹೋಯಿತು, ಇನ್ನು ಬಾಯಿಮಾತಿನ ಪ್ರಶ್ನೆಗಳಷ್ಟೇ ಎಂದು ಮೇಷ್ಟ್ರಿಗೆ ಇಂಗ್ಲಿಷಿನಲ್ಲಿ ಹೇಳಿದರಂತೆ. ಮೇಷ್ಟ್ರು ಭುಜದ ಪ್ರಶ್ನೆಗೆ ಸರಿಯಾಗಿ ಹೇಳಿದರು, ಸೊಂಟದ್ದಕ್ಕೆ ತಡವರಿಸಿದರು. ಆಮೇಲೆ ಕಿರಿಯರು ನನ್ನನ್ನು ಒಂದು ಬೆಂಚಿನ ಮೇಲೆ ಹತ್ತಿಸಿ, ಒಂದು ಕಾಲು ಕೆಳಗಿಟ್ಟು ಇಳಿಯಲು ಸನ್ನೆ ಮಾಡಿದರು. ಪ್ರಶ್ನೆ ಇಂಗ್ಲಿಷಿನಲ್ಲಿದ್ದರೂ ನನಗೆ ತಿಳಿಯಿತು. ಅದೇ ಪ್ರಶ್ನೆ.

ಮೇಷ್ಟ್ರ ಕೈ ನನ್ನ ತೊಡೆಯ ಹಿಂಭಾಗಕ್ಕೆ ಹೋಯಿತು. ಹೆದರಿದ ಕೈ ಹಳೆಯ ದಾರಿಯನ್ನೇ ಹಿಡಿದಿತ್ತು.

ಕೇಳದೆ ಮಾತಾಡಬಾರದು ಎಂದಿದ್ದರು, ನಾನು ಮಾತಾಡಲಿಲ್ಲ. ಆದರೆ ಇಳಿಯುವುದನ್ನು ನಿಧಾನ ಮಾಡಿದೆ. ಏತದ ಮರ ಬಗ್ಗುವಾಗ ತುದಿಯಲ್ಲಿ ಮೈ ತಡೆದು ನಿಲ್ಲುವ ಹಾಗೆ, ಮಂಡಿ ಅರ್ಧ ಮಡಿಸಿ ಅಲ್ಲೇ ನಿಂತುಬಿಟ್ಟೆ. ತೊಡೆಯ ಮುಂಭಾಗ ಕಲ್ಲಾಯಿತು. ಎಣ್ಣೆಯ ಮೈ, ಕಿಟಕಿಯ ಬೆಳಕು. ನಾಲ್ಕು ತಲೆಗಳೂ ಒಂದೊಂದಾಗಿ ಎದ್ದು ಕಂಡಿರಬೇಕು. ಹಿಂಭಾಗ ಅವರ ಕೈಕೆಳಗೆ ಮೆತ್ತಗೇ ಇತ್ತು. ಮೇಷ್ಟ್ರು ಅಲ್ಲೊಮ್ಮೆ ಬೆರಳೊತ್ತಿ ನೋಡಿದರು. ಆಮೇಲೆ ಕೈಯನ್ನು ಮುಂದಕ್ಕೆ ತಂದರು. ತಂದ ಮೇಲೆ ನಿಲ್ಲಲಿಲ್ಲ, ಭಾರ, ಹಗ್ಗ, ಕೊಡ, ಏತ ಎಲ್ಲವನ್ನೂ ಹೇಳಿದರು. ಇಂಗ್ಲಿಷಿನ ನಡುವೆ ಏತ ಎಂಬ ಮಾತು ನನಗೆ ಎರಡು ಸಲ ಕೇಳಿಸಿತು. ಕಿರಿಯರು ಎದ್ದು ಬಂದು ನನ್ನ ತೊಡೆಯನ್ನು ತಾವೇ ಒತ್ತಿ ನೋಡಿ, ಎಣ್ಣೆಯಾದ ಬೆರಳನ್ನು ಕಾಗದಕ್ಕೆ ಒರೆಸಿಕೊಂಡರು.

ನಾನು ಮಾಡಿದ್ದು ಮೋಸವೇ ಎಂದು ಆಮೇಲೆ ಬಹಳ ಸಲ ಕೇಳಿಕೊಂಡಿದ್ದೇನೆ. ಬಾಯಿ ಬಿಡಲಿಲ್ಲ. ಕಾಲು ದಿನಾ ಮಾಡುವುದನ್ನೇ ಮಾಡಿತು. ಅದನ್ನು ನೋಡಿ ತಿಳಿಯುವವರು ತಿಳಿದರು.

ಹಿಂದಿರುಗುವ ಬಸ್ಸಿನಲ್ಲಿ ಮೇಷ್ಟ್ರು ಶೂಳಗಿರಿ ದಾಟುವವರೆಗೆ ಬೆರಳಿಗೆ ಹತ್ತಿದ ಕೆಂಪನ್ನು ಕರವಸ್ತ್ರದಲ್ಲಿ ಒರೆಸುತ್ತಲೇ ಇದ್ದರು. ದಿಣ್ಣೆಯಲ್ಲಿ ಬಸ್ಸು ನೂಕಲು ಇಳಿದಾಗ, ಪಕ್ಕದಲ್ಲಿ ಭುಜ ಕೊಟ್ಟು ನೂಕುತ್ತಾ, “ಎಣ್ಣೆ ಯಾಕಪ್ಪ ಹಚ್ಚಿದೆ?” ಎಂದರು.

“ನಿಮ್ ಮಾನ ಉಳೀಲಿ ಅಂತ.”

ಅವರು ಭುಜವನ್ನು ಇನ್ನಷ್ಟು ಒತ್ತಿ ನೂಕಿದರು.

ಎರಡು ತಿಂಗಳಾದ ಮೇಲೆ, ರಾಗಿ ಪೈರಿನ ಮಡಿಗೆ ನೀರು ಕಟ್ಟುತ್ತಿದ್ದಾಗ, ಬದುವಿನ ಮೇಲೆ ಬಂದು ನಿಂತರು. ಕೈಯಲ್ಲಿ ಕಾಗದವಿತ್ತು. ನಾನು ಮರ ನಿಲ್ಲಿಸಲಿಲ್ಲ. ನಿಲ್ಲಿಸಿದರೆ ಅಣ್ಣನ ಎಣಿಕೆ ತಪ್ಪುತ್ತದೆ.

“ಪಾಸು,” ಎಂದರು ಮೇಷ್ಟ್ರು. “ಎಷ್ಟು ಬೇಕೋ ಅಷ್ಟಕ್ಕೆ ಸರಿಯಾಗಿ. ಗುರುತು ಹಾಕೋದಕ್ಕೆ ಸೊನ್ನೆ. ಇಳಿಯೋ ಪ್ರಶ್ನೆಗೆ ಪೂರ್ತಿ.”

ಅಣ್ಣ ಬಾನಿ ಬಗ್ಗಿಸಿದ. “ಹಂಗಾದ್ರೆ ಸೊನ್ನೆ ನಮ್ದು, ಪೂರ್ತಿ ನಿಮ್ದಾ ಮೇಷ್ಟ್ರೆ?”

“ಇಲ್ಲಪ್ಪ,” ಎಂದರು ಅವರು. “ಎರಡೂ ನಿಮ್ಮನೇದೇ.”

ಕಾಗದವನ್ನು ಮಡಚಿ ಜೇಬಿಗಿಟ್ಟುಕೊಂಡು, ಚಪ್ಪಲಿ ಬಿಟ್ಟು, ಬಿದಿರು ಹಿಡಿದು ಮರ ಹತ್ತಿದರು. ಅವತ್ತು ಐವತ್ತು ಬಾನಿಗೇ ಇಳಿಸಿದೆ. ಮರುದಿನ ಅವರು ಸ್ಕೂಲಿಗೆ ಹೋಗಬೇಕಾಗಿತ್ತು.