ಕಾಲುವೆಯಲ್ಲಿ ಒಂದು ಬಕೆಟ್ ಸಿಹಿನೀರು

ಇಂಥ ಕಥೆಯನ್ನು ಬೇರೆ ಯಾರಾದರೂ ಹೇಳಿದ್ದರೆ ಮೊದಲು ನಗುತ್ತಿದ್ದವನು ನಾನೇ. ದೆವ್ವ, ಪವಾಡ ಯಾವುದನ್ನೂ ನಂಬಿದವನಲ್ಲ. ನೀವು ನಂಬದಿದ್ದರೂ ನನಗೆ ಬೇಸರವಿಲ್ಲ.

ಎರಡು ಸಾವಿರದ ಇಸವಿ ಕಳೆದ ಮೇಲಿನ ಮಾತು. ಬಹರೈನ್‌ನ ಹೊಸ ಬಂದರಿಗೆ ದೊಡ್ಡ ಹಡಗುಗಳು ಬರಲೆಂದು ಸಮುದ್ರದ ತಳ ಕೊರೆದು ಕಾಲುವೆ ಮಾಡುತ್ತಿದ್ದರು. ಗಂಗೊಳ್ಳಿಯವನಾದ ನಾನು ಸರ್ವೆ ದೋಣಿಯಲ್ಲಿದ್ದೆ. ಓದಿದ್ದು ಹೈಸ್ಕೂಲಿನವರೆಗೆ, ಆದರೆ ಅರಬ್ಬಿ ಬರುತ್ತಿತ್ತು. ಕಾಲುವೆಯ ದಾರಿಯಲ್ಲಿ ಏನೇನಿದೆ ಎಂದು ಅಲ್ಲಿನ ಮೀನುಗಾರರನ್ನು ಕೇಳಿ ಪುಸ್ತಕದಲ್ಲಿ ಬರೆಯುವುದು ನನ್ನ ಕೆಲಸ.

ಎಲ್ಲರೂ ಹಾಜಿ ಎಂದು ಕರೆಯುತ್ತಿದ್ದ ಮುದುಕ ಮೀನುಗಾರರೊಬ್ಬರು ಒಂದು ಬೆಳಿಗ್ಗೆ ನನ್ನನ್ನು ಆ ದಾರಿಯಲ್ಲೇ ಒಂದು ಜಾಗಕ್ಕೆ ಕರೆದೊಯ್ದರು. ಖಾಲಿ ಬಾಟಲಿಯ ಬಾಯಿಗೆ ಹೆಬ್ಬೆರಳೊತ್ತಿ ಮುಳುಗಿದರು. ತಳದ ಒರತೆಯ ಮೇಲೆ ಬೆರಳು ತೆಗೆದು ತುಂಬಿಸಿ ತಂದರು. ಸಿಹಿನೀರು! ಮುತ್ತು ತೆಗೆಯುತ್ತಿದ್ದ ಅವರ ತಂದೆ, ಅಜ್ಜ ಎಲ್ಲ ಇದನ್ನೇ ಕುಡಿದವರಂತೆ.

“ಬರೆದುಕೋ ಸದೀಕ್, ಬರೆದುಕೋ ಗೆಳೆಯಾ. ಬರೆದರೆ ನಿಮ್ಮ ಇಂಜಿನಿಯರ್ ಕಾಲುವೆಯ ಗೆರೆಯನ್ನು ಸ್ವಲ್ಪ ಆಚೆ ಸರಿಸಿಯಾನು,” ಎಂದರು.

ನಾನು ಬರೆಯಲಿಲ್ಲ. ಬರೆದರೆ ಕೆಲಸ ವಾರಗಟ್ಟಲೆ ನಿಲ್ಲುತ್ತಿತ್ತು, ನನ್ನನ್ನು ಫೋರ್‌ಮನ್ ಮಾಡುವ ಮಾತು ಆಗಷ್ಟೇ ನಡೆದಿತ್ತು. ‘ಏನೂ ಇಲ್ಲ’ ಎಂದು ಬರೆದು ಸಹಿ ಹಾಕಿದೆ. ಕೊರೆಯುವ ಯಂತ್ರ ಬಂತು, ಒರತೆ ಮುಚ್ಚಿಹೋಯಿತು. ಹಾಜಿ ಜೆಟ್ಟಿಗೆ ಬಂದು ಕೇಳಿದಾಗ, “ಬರೆದಿದ್ದೆ ಹಾಜಿ, ಇಂಜಿನಿಯರ್ ಕೇಳಲಿಲ್ಲ,” ಎಂದೆ. ಅವರು ನನ್ನ ಹಣೆಗೆ ಮುತ್ತಿಟ್ಟು ಹೋದರು.

ಕಾಲುವೆಯಲ್ಲಿ ಹಡಗುಗಳು ಓಡಾಡತೊಡಗಿದ ಮೇಲೆ, ಒಂದು ಮಧ್ಯಾಹ್ನ ಅದೇ ಜಾಗದ ಹತ್ತಿರ, ಹಡಗುಗಳಿಗೆ ದಾರಿ ತೋರಿಸಲು ತೇಲಿಬಿಟ್ಟ ಬೋಯಾ ತೊಳೆಯುತ್ತಿದ್ದೆವು. ಮುಖಕ್ಕೆ ಹಾಕಿಕೊಳ್ಳಲು ಸಮುದ್ರದಿಂದ ಒಂದು ಬಕೆಟ್ ನೀರೆತ್ತಿದೆ. ತುಟಿಗೆ ತಾಗಿದ್ದು ಸಿಹಿ. ಬೊಗಸೆ ತುಂಬ ಕುಡಿದೆ. ಅದೇ ರುಚಿ, ಅದೇ ತಂಪು. ಜೊತೆಗಿದ್ದ ಮಲ್ಪೆಯ ಸದಾನಂದನನ್ನು ಕರೆದೆ. ಅವನು ಅದೇ ಬಕೆಟ್ಟಿನದು ಬಾಯಿಗೆ ಹಾಕಿ ಥೂ ಎಂದು ಉಗಿದ.

“ಎಂತ ಸಾವು ಮಾರಾಯ್ರೆ, ಬರೀ ಉಪ್ಪು! ಟೊಪ್ಪಿ ಹಾಕಿ ಅಂದ್ರೆ ಕೇಳುದಿಲ್ಲ ನೀವು.”

ನಾನು ಮತ್ತೆ ಕುಡಿದೆ. ಸಿಹಿಯೇ. ಅರ್ಧ ಬಕೆಟ್ ಕುಡಿದರೂ ಹೊಟ್ಟೆ ಕೆಡಲಿಲ್ಲ. ಮರುದಿನ ಅಲ್ಲಿಯ ನೀರು ನನಗೂ ಉಪ್ಪಾಗಿತ್ತು.

ನಿಜ ಹೇಳಿಬಿಡಬೇಕೆಂದು ಶುಕ್ರವಾರ ಹಾಜಿಯ ಮನೆಗೆ ಹೋದೆ. ನೀರಿನ ಸಂಗತಿಯಿಂದ ಶುರುಮಾಡಿದೆ. ಮುಗಿಸುವ ಮೊದಲೇ ಅವರು ಕಣ್ಣೊರೆಸಿಕೊಂಡು, ಮಜ್ಲಿಸಿನಲ್ಲಿ, ಅಂದರೆ ಅತಿಥಿಗಳ ಕೋಣೆಯಲ್ಲಿ, ಕೂತಿದ್ದವರಿಗೆಲ್ಲ ನನ್ನನ್ನು ತೋರಿಸಿ, “ನೋಡಿ, ನಮ್ಮ ಪರವಾಗಿ ಬರೆದವನು ಇವನೊಬ್ಬನೇ. ಅದಕ್ಕೇ ಸಮುದ್ರ ಇವನಿಗೆ ಕೊಟ್ಟಿತು,” ಎಂದರು.

ಆ ನೀರು ನನ್ನ ಬಾಯಿಗೇ ಏಕೆ ಸಿಹಿಯಾಯಿತೋ, ಈ ವಯಸ್ಸಿನಲ್ಲೂ ನನಗೆ ತಿಳಿಯದು. ಅಂದು ಎಲ್ಲರೂ ಎದ್ದು ನನ್ನ ಕೈ ಕುಲುಕಿದರು. ಹಾಜಿ ತಾವೇ ಕಾಫಿ ಬಗ್ಗಿಸಿ ಕೊಟ್ಟರು. ನಾನು ಕುಡಿದೆ, ಇನ್ನೊಮ್ಮೆ ಬಗ್ಗಿಸಿದರು, ಅದನ್ನೂ ಕುಡಿದೆ.